ಮೊದಲು ಪೈಲಟ್ ಕೂರಲಿ, ಆಮೇಲೆ ವಿಮಾನ: ಸಿನಿಮಾ ಜೆಟ್‌ನ ಆಟಿಕೆಯನ್ನು ಪರೀಕ್ಷಿಸಿ ಕೊಳ್ಳುವ ಬಗೆ

ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ವಿಮಾನ ಕೊಂಡವರಲ್ಲಿ ನಾನೂ ಒಬ್ಬ. ಚಿತ್ರದಲ್ಲಿ ಜೆಟ್ ಮೋಡ ಸೀಳಿಕೊಂಡು ಹೋಗುತ್ತಿತ್ತು, ಕಾಕ್‌ಪಿಟ್‌ನಲ್ಲಿ ಪೈಲಟ್ ಠೀವಿಯಿಂದ ಕುಳಿತಿದ್ದ. ಮನೆಗೆ ತಂದು ನನ್ನ ಪೈಲಟ್ ಗೊಂಬೆಯನ್ನು ಕೂರಿಸಲು ಹೋದರೆ ಮೊಣಕಾಲು ಮುಂದಿನ ಫಲಕಕ್ಕೆ ತಾಗಿತು, ತಲೆ ಗಾಜಿಗೆ ತಾಗಿತು, ಕ್ಯಾನಪಿ, ಅಂದರೆ ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳ, ಅರ್ಧ ಬೆರಳಿನಷ್ಟು ತೆರೆದೇ ಉಳಿಯಿತು. ಹೆಲ್ಮೆಟ್ ಕಳಚಿದರೆ ಮಾತ್ರ ಮುಚ್ಚುತ್ತಿತ್ತು. ಹೆಲ್ಮೆಟ್ ಇಲ್ಲದ ಯುದ್ಧವಿಮಾನದ ಪೈಲಟ್‌ನನ್ನು ಕಪಾಟಿನಲ್ಲಿಟ್ಟು ಯಾರಿಗೆ ತೋರಿಸುವುದು?

ಮಾದರಿ ವಿಮಾನ ಸಂಗ್ರಹಿಸುವವರಿಗೂ ಆಕ್ಷನ್ ಫಿಗರ್, ಅಂದರೆ ಕೈಕಾಲು ಆಡಿಸಬಹುದಾದ ಗೊಂಬೆ, ಸಂಗ್ರಹಿಸುವವರಿಗೂ ಇರುವ ವ್ಯತ್ಯಾಸ ಇದೇ. ಮೊದಲಿನವರಿಗೆ ವಿಮಾನವೇ ನಾಯಕ. ಫಿಗರ್ ಸಂಗ್ರಹಿಸುವ ನಮಗೆ ಅದು ವಾಹನ. ನಾಯಕ ಅದರೊಳಗೆ ಕೂರಬೇಕಾದವನು. ಆದ್ದರಿಂದ ಪರೀಕ್ಷೆ ಆಸನದಿಂದ ಶುರುವಾಗಿ ಹೊರಗೆ ಹೋಗಬೇಕು. ರೆಕ್ಕೆ, ಬಣ್ಣ, ಕ್ಷಿಪಣಿ ಎಲ್ಲವೂ ಆಮೇಲೆ.

ಹೆಜ್ಜೆ 1: ಕೊಳ್ಳುವ ಮೊದಲು ಒಂದು ಭಾಗಾಕಾರ

ಫಿಗರ್‌ಗಳಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ಮೂರು ಎತ್ತರ: 3.75 ಇಂಚು, 6 ಇಂಚು, 12 ಇಂಚು. ಸ್ಕೇಲ್ ಲೆಕ್ಕದಲ್ಲಿ, ಅಂದರೆ ಅಸಲಿಗಿಂತ ಎಷ್ಟು ಪಟ್ಟು ಚಿಕ್ಕದು ಎಂಬ ಲೆಕ್ಕದಲ್ಲಿ, ಇವು ಸುಮಾರಾಗಿ 1:18, 1:12 ಮತ್ತು 1:6. 1964ರಲ್ಲಿ ಹ್ಯಾಸ್ಬ್ರೊ ಕಂಪನಿ ಜಿ.ಐ. ಜೋ ಎಂಬ ಸೈನಿಕ ಗೊಂಬೆಯನ್ನು ಹೊರತಂದಾಗ ಅವನ ಎತ್ತರ 12 ಇಂಚು. ಗಂಡುಮಕ್ಕಳು 'ಡಾಲ್' ಎಂದರೆ ಮೂಗು ಮುರಿಯುತ್ತಾರೆಂದು 'ಆಕ್ಷನ್ ಫಿಗರ್' ಎಂಬ ಹೆಸರು ಹುಟ್ಟಿದ್ದೂ ಆಗಲೇ. 1978ರಲ್ಲಿ ಕೆನ್ನರ್ ಕಂಪನಿ ಸ್ಟಾರ್ ವಾರ್ಸ್ ಫಿಗರ್‌ಗಳನ್ನು 3.75 ಇಂಚಿಗೆ ಇಳಿಸಿತು, 1982ರಲ್ಲಿ ಜಿ.ಐ. ಜೋ ಕೂಡ ಅದೇ ಎತ್ತರಕ್ಕೆ ಬಂದ. ಗೊಂಬೆ ಗಿಡ್ಡವಾದರೆ ಅದಕ್ಕೆ ವಾಹನ ಮಾಡುವುದು ಸಾಧ್ಯವಾಗುತ್ತದೆ ಎಂಬುದೇ ಈ ಇಳಿಕೆಯ ದೊಡ್ಡ ಲಾಭ.

ಏಕೆಂದು ತಿಳಿಯಲು ಎಫ್-14 ಟಾಮ್‌ಕ್ಯಾಟ್ ಯುದ್ಧವಿಮಾನವನ್ನೇ ತೆಗೆದುಕೊಳ್ಳೋಣ. 1986ರ ಟಾಪ್ ಗನ್ ಚಿತ್ರದಿಂದ ಅದು ಲೋಕಕ್ಕೆಲ್ಲ ಪರಿಚಿತ. ಅಸಲಿ ವಿಮಾನದ ಉದ್ದ ಸುಮಾರು 19.1 ಮೀಟರ್. ಹದಿನೆಂಟರಿಂದ ಭಾಗಿಸಿದರೆ 106 ಸೆಂಟಿಮೀಟರ್. 6 ಇಂಚಿನ ಫಿಗರ್‌ಗೆ ಸರಿಹೊಂದಬೇಕಾದರೆ ಹೆಚ್ಚುಕಡಿಮೆ ಒಂದು ಮೀಟರ್ 60 ಸೆಂಟಿಮೀಟರ್. 12 ಇಂಚಿನವನಿಗಾದರೆ ಮೂರು ಮೀಟರ್ ದಾಟುತ್ತದೆ. ಅದನ್ನಿಡಲು ಕಪಾಟಲ್ಲ, ಕೋಣೆಯೇ ಬೇಕು.

ಹೀಗಾಗಿ ತಯಾರಕರು ಒಂದು ಉಪಾಯ ಮಾಡುತ್ತಾರೆ. ಕಾಕ್‌ಪಿಟ್ಟನ್ನು ಫಿಗರ್‌ನ ಅಳತೆಗೆ ದೊಡ್ಡದಾಗಿ ಇಟ್ಟು, ಮಿಕ್ಕ ಮೈಯನ್ನು ಮೊಟಕುಗೊಳಿಸುತ್ತಾರೆ. ಪೆಟ್ಟಿಗೆಯ ಮೇಲೆ '3.75 ಇಂಚಿನ ಫಿಗರ್‌ಗಳಿಗೆ' ಎಂದು ಬರೆದಿದ್ದರೆ ಆ ಮಾತು ಆಸನಕ್ಕೆ ಮಾತ್ರ ಅನ್ವಯಿಸುತ್ತದೆ, ವಿಮಾನಕ್ಕಲ್ಲ. ಎಷ್ಟು ಮೊಟಕಾಗಿದೆ ಎಂದು ನೀವೇ ಕಂಡುಕೊಳ್ಳಬಹುದು: ಅಸಲಿ ಉದ್ದವನ್ನು ಆಟಿಕೆಯ ಉದ್ದದಿಂದ ಭಾಗಿಸಿ. ಟಾಮ್‌ಕ್ಯಾಟ್ ಆಟಿಕೆ 80 ಸೆಂಟಿಮೀಟರ್ ಇದ್ದರೆ ಅದರ ನಿಜವಾದ ಸ್ಕೇಲ್ 1:24. 60 ಸೆಂಟಿಮೀಟರ್ ಇದ್ದರೆ ಸುಮಾರು 1:32. ನನ್ನ ಕಣ್ಣಿನ ಲೆಕ್ಕದಲ್ಲಿ 1:18ರ ಫಿಗರ್ 1:24ರ ವಿಮಾನದಲ್ಲಿ ಕುಳಿತರೆ ಕ್ಷಮೆ ಉಂಟು. 1:30 ದಾಟಿದರೆ ಪೈಲಟ್ ತೊಟ್ಟಿಲಲ್ಲಿ ಕುಳಿತ ಭೀಮನಂತೆ ಕಾಣುತ್ತಾನೆ. ನಿಮ್ಮ ಕಣ್ಣು ಬೇರೆ ಹೇಳಬಹುದು. ಆದರೆ ಸಂಖ್ಯೆಯನ್ನು ಮೊದಲೇ ತಿಳಿದು ಕೊಳ್ಳುವುದಕ್ಕೂ ಮನೆಗೆ ತಂದ ಮೇಲೆ ತಿಳಿಯುವುದಕ್ಕೂ ಅಂತರವಿದೆ.

ಸಿನಿಮಾಕ್ಕಾಗಿಯೇ ಕಲ್ಪಿಸಿದ ವಿಮಾನವಾದರೆ ಅಸಲಿ ಅಳತೆ ಎಲ್ಲಿಂದ ತರುವುದು? ಮನುಷ್ಯ ಬಳಸುವ ಭಾಗಗಳನ್ನು ನೋಡಿ. ಬಾಗಿಲು, ಏಣಿಯ ಮೆಟ್ಟಿಲು, ಆಸನದ ಬೆನ್ನು. ಬಾಗಿಲ ಮುಂದೆ ಫಿಗರ್ ನಿಲ್ಲಿಸಿದಾಗ ಅದರ ಎತ್ತರ ಅವನ ಎದೆಗೇ ಮುಗಿದರೆ ಉಳಿದದ್ದನ್ನು ಊಹಿಸಿಕೊಳ್ಳಬಹುದು.

ಹೆಜ್ಜೆ 2: ನಿಷ್ಠೆ ಯಾವುದಕ್ಕೆ ಎಂದು ತೀರ್ಮಾನಿಸಿ

'ಸಿನಿಮಾದಲ್ಲಿ ಇದ್ದ ಹಾಗಿಲ್ಲ' ಎಂಬ ದೂರು ನಮ್ಮ ಬಳಗದಲ್ಲಿ ದಿನವೂ ಕೇಳುತ್ತದೆ. ಆದರೆ ಸಿನಿಮಾದಲ್ಲಿ ಇದ್ದದ್ದಾದರೂ ಯಾವುದು? 1977ರ ಮೊದಲ ಸ್ಟಾರ್ ವಾರ್ಸ್ ಚಿತ್ರದಲ್ಲಿ ಮಿಲೆನಿಯಂ ಫಾಲ್ಕನ್ ನೌಕೆ ನೆಲದ ಮೇಲೆ ನಿಂತದ್ದು ಮೂರು ಕಾಲುಗಳ ಮೇಲೆ. 1980ರ ಎರಡನೆಯ ಚಿತ್ರದ ಹೊತ್ತಿಗೆ ಅದಕ್ಕೆ ಐದು ಕಾಲು. ಟಾಪ್ ಗನ್‌ನಲ್ಲಿ ಶತ್ರುಗಳು ಹಾರಿಸುವ 'ಮಿಗ್-28' ಎಂಬ ವಿಮಾನ ಜಗತ್ತಿನಲ್ಲೇ ಇಲ್ಲ. ಕಪ್ಪು ಬಣ್ಣ ಬಳಿದ ಅಮೆರಿಕದ ಎಫ್-5 ವಿಮಾನವೇ ಆ ವೇಷ ಹಾಕಿತ್ತು. ಅದರ ಆಟಿಕೆ ಕೊಳ್ಳುವವನು ಎಫ್-5ರ ರೂಪರೇಖೆಯನ್ನು ಅಳೆಯಬೇಕೋ ಪರದೆಯ ಕಪ್ಪು ಬಣ್ಣವನ್ನೋ?

ಇನ್ನೊಂದು ವಿಷಯ. ಆಟಿಕೆಯ ಅಚ್ಚು ತಯಾರಾಗುವುದು ಚಿತ್ರ ಬಿಡುಗಡೆಯಾಗುವ ಎಷ್ಟೋ ತಿಂಗಳು ಮೊದಲು. ಆಗ ತಯಾರಕರ ಕೈಯಲ್ಲಿರುವುದು ಆರಂಭದ ರೇಖಾಚಿತ್ರಗಳು. ಚಿತ್ರತಂಡ ಆಮೇಲೆ ಬಾಲ ಬದಲಿಸಿದರೆ, ಎಂಜಿನ್ ಒಂದನ್ನು ಎರಡು ಮಾಡಿದರೆ, ಆಟಿಕೆ ಹಳೆಯ ರೂಪದಲ್ಲೇ ಅಂಗಡಿ ಸೇರುತ್ತದೆ. ಆದ್ದರಿಂದ ನಿಮಗೆ ಇಷ್ಟವಾದ ಒಂದೇ ದೃಶ್ಯವನ್ನು ಆರಿಸಿ, ಅಲ್ಲಿ ವಿಮಾನವನ್ನು ಗುರುತಿಸುವುದು ಯಾವ ಮೂರು ಲಕ್ಷಣಗಳಿಂದ ಎಂದು ಬರೆದುಕೊಳ್ಳಿ. ಮೂತಿಯ ಬಾಗು, ಬಾಲದ ಮೇಲಿನ ಗುರುತು, ಕ್ಯಾನಪಿಯ ಚೌಕಟ್ಟು, ಹೀಗೆ. ಆ ಮೂರು ಸರಿ ಇದ್ದರೆ ಉಳಿದ ರಿವೆಟ್ ಎಣಿಸುವ ಕೆಲಸವನ್ನು ಬೇರೆಯವರಿಗೆ ಬಿಡಿ.

ಹೆಜ್ಜೆ 3: ಆಸನ

ಹೆಚ್ಚು ಸಮಯ ಇಲ್ಲಿ ಕೊಡಿ. ಸಾಧ್ಯವಿದ್ದರೆ ನಿಮ್ಮ ಸಂಗ್ರಹದಿಂದ ಇಬ್ಬರನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ: ನೀವು ನಿಜಕ್ಕೂ ಆ ವಿಮಾನದಲ್ಲಿ ಕೂರಿಸಬೇಕೆಂದಿರುವವನು ಒಬ್ಬ, ನಿಮ್ಮಲ್ಲಿರುವವರಲ್ಲೇ ದಪ್ಪಗಿರುವವನು ಇನ್ನೊಬ್ಬ.

ಕೂರಿಸುವ ಕ್ರಮಕ್ಕೂ ಒಂದು ಲೆಕ್ಕವಿದೆ. ಮೊದಲು ಸೊಂಟದ ಕೀಲನ್ನು ಪೂರ್ತಿ ಬಗ್ಗಿಸಿ, ಆಮೇಲೆ ಮೊಣಕಾಲು. ಪಾದಗಳನ್ನು ಮುಂದಿನ ಫಲಕದ ಕೆಳಗೆ ಜಾರಿಸಿ, ಕೊನೆಗೆ ಬೆನ್ನನ್ನು ಆಸನಕ್ಕೆ ಒತ್ತಿ. ಈಗ ಬದಿಯಿಂದ ನೋಡಿ. ಬೆನ್ನು ಆಸನಕ್ಕೆ ತಾಗಿದೆಯೇ, ಇಲ್ಲ ನಡುವೆ ಸಂದು ಉಳಿದು ಆಸಾಮಿ ಆರಾಮ ಕುರ್ಚಿಯಲ್ಲಿ ಜಾರಿದವನಂತೆ ಕಾಣುತ್ತಾನೆಯೇ? ಹಳೆಯ ಫಿಗರ್‌ಗಳ ಮೊಣಕಾಲಿಗೆ ಕೀಲಿದ್ದರೆ ಅದು 90 ಡಿಗ್ರಿಗೆ ಬಗ್ಗುತ್ತದೆ. ಆದರೆ 1978ರ ಕೆನ್ನರ್ ಮಾದರಿಯವುಗಳಿಗೆ ಮೊಣಕಾಲಿನ ಕೀಲೇ ಇಲ್ಲ. ಅವು ಕಾಲು ನೀಡಿಯೇ ಕೂರಬೇಕು. ಇಂದಿನವುಗಳಲ್ಲಿ ಜೋಡಿ ಕೀಲು ಇರುವುದರಿಂದ ಮೊಣಕಾಲು ಇನ್ನೂ ಹೆಚ್ಚು ಬಗ್ಗುತ್ತದೆ, ಆದರೆ ತೊಡೆಯ ಕೀಲು ಅಗಲ. ಒಂದು ಕಾಲದ ಫಿಗರ್‌ಗೆ ಮಾಡಿದ ಆಸನ ಇನ್ನೊಂದು ಕಾಲದವನಿಗೆ ಹಿಡಿಸದಿರುವುದು ಇದರಿಂದಲೇ. ವಿಮಾನ ಒಂದು ತಲೆಮಾರಿನದ್ದು, ಪೈಲಟ್ ಇನ್ನೊಂದು ತಲೆಮಾರಿನವನು ಆದಾಗ ಮೊದಲು ನೋಡಬೇಕಾದದ್ದು ಸೊಂಟದ ಅಗಲ.

ಮುಂದಿನದು ಬೆನ್ನಿನ ಸಾಮಾನು. ಪ್ಯಾರಾಚೂಟ್ ಚೀಲ, ಕತ್ತಿಯ ಒರೆ, ಆಮ್ಲಜನಕದ ಕೊಳವೆ. ಇವು ಕಳಚಿ ಬರುವಂಥವೇ, ಮೈಯೊಂದಿಗೆ ಅಚ್ಚು ಹಾಕಿದ್ದೇ? ಅಚ್ಚಿನಲ್ಲೇ ಬಂದಿದ್ದರೆ ಆಸನದ ಬೆನ್ನಿನಲ್ಲಿ ಅದಕ್ಕೊಂದು ತಗ್ಗು ಇರಲೇಬೇಕು. ಸೊಂಟದ ಪಿಸ್ತೂಲಿನ ಚೀಲ ಸಣ್ಣದೆಂದು ಕಡೆಗಣಿಸಬೇಡಿ. ಎರಡು ಮಿಲಿಮೀಟರ್ ಉಬ್ಬು ಸಾಕು, ಫಿಗರ್ ಒಂದು ಬದಿಗೆ ವಾಲುತ್ತದೆ.

ಎತ್ತರವನ್ನೂ ಮನೆಯಲ್ಲೇ ಅಂದಾಜಿಸಬಹುದು. ಮನುಷ್ಯ ಕುಳಿತಾಗ ಆಸನದಿಂದ ನೆತ್ತಿಯವರೆಗಿನ ಎತ್ತರ ಅವನ ನಿಂತ ಎತ್ತರದ ಅರ್ಧಕ್ಕಿಂತ ತುಸು ಹೆಚ್ಚು. 9.5 ಸೆಂಟಿಮೀಟರ್ ಎತ್ತರದ ಫಿಗರ್‌ಗೆ ಅದು ಸುಮಾರು 5 ಸೆಂಟಿಮೀಟರ್, ಹೆಲ್ಮೆಟ್ ಇದ್ದರೆ ಇನ್ನೊಂದೆರಡು ಮಿಲಿಮೀಟರ್. ದೂರದಿಂದ ತರಿಸಿಕೊಳ್ಳುವಾಗ ಮಾರುವವರಿಗೆ ಒಂದೇ ಪ್ರಶ್ನೆ ಕೇಳಿ: ಆಸನದ ತಳದಿಂದ ಮುಚ್ಚಿದ ಕ್ಯಾನಪಿಯ ಒಳಮೈವರೆಗೆ ಎಷ್ಟು? ಆಸನದ ಮೇಲೆ ಅಳತೆಪಟ್ಟಿ ನಿಲ್ಲಿಸಿ ತೆಗೆದ ಒಂದು ಫೋಟೋ ನೂರು ವಿಶೇಷಣಗಳಿಗೆ ಸಮ. ಆ ಅಳತೆಗೆ ರಟ್ಟಿನಲ್ಲೊಂದು ಡಬ್ಬಿ ಮಾಡಿ ನಿಮ್ಮ ಫಿಗರ್ ಕೂರಿಸಿ ನೋಡಿದರೆ ಅರ್ಧ ಅನುಮಾನ ಅಲ್ಲೇ ತೀರುತ್ತದೆ.

ಎರಡು ಆಸನದ ವಿಮಾನದಲ್ಲಿ ಹಿಂದಿನದನ್ನು ಮರೆಯದೆ ನೋಡಿ. ತಯಾರಕರ ಜಾಣತನವೆಲ್ಲ ಮುಂದಿನ ಆಸನದಲ್ಲೇ ಖರ್ಚಾಗಿರುತ್ತದೆ. ಹಿಂದೆ ಬ್ಯಾಟರಿಯ ಗೂಡೋ ರೆಕ್ಕೆಯ ಹಲ್ಲುಚಕ್ರವೋ ಜಾಗ ತಿಂದು, ಆಸನದ ಆಳ ಒಂದು ಬೆರಳು ಕಡಿಮೆಯಾಗಿರುವುದುಂಟು. ಟಾಮ್‌ಕ್ಯಾಟ್‌ನಂಥ ವಿಮಾನದಲ್ಲಿ ಹಿಂದಿನವನಿಲ್ಲದೆ ದೃಶ್ಯವೇ ಪೂರ್ತಿಯಾಗದು.

ಹೆಜ್ಜೆ 4: ಕ್ಯಾನಪಿ

ಇಡೀ ವಿಮಾನದಲ್ಲಿ ಮೊದಲು ಹಾಳಾಗುವುದು ಇದು. ಬೆಳಕಿಗೆ ಹಿಡಿದು ಓರೆಯಾಗಿ ತಿರುಗಿಸಿ. ಗೀರು ಬೇರೆ, ಬಿರುಕು ಬೇರೆ: ಗೀರು ಮೇಲ್ಮೈಯಲ್ಲಿ ಮಂದವಾಗಿ ಕಾಣುತ್ತದೆ, ಬಿರುಕು ಒಳಗಿನಿಂದ ಬೆಳ್ಳಿಗೆರೆಯಂತೆ ಫಳಕ್ಕೆನ್ನುತ್ತದೆ. ಬಿರುಕು ಶುರುವಾಗುವುದು ಬಹುತೇಕ ತಿರುಗಣೆಯ ಸೂಜಿ ಕೂರುವ ರಂಧ್ರದಿಂದ. ಬಣ್ಣದ ಪ್ಲಾಸ್ಟಿಕ್ಕಿನ ಚೌಕಟ್ಟಿನಲ್ಲಿ ಅದೇ ಜಾಗ ಬೆಳ್ಳಗೆ ತಿರುಗಿದ್ದರೆ ಅಲ್ಲಿ ಯಾರೋ ಬಲವಂತ ಮಾಡಿದ್ದಾರೆ ಎಂದೇ ಅರ್ಥ.

ಮುಚ್ಚಿದಾಗ ಕ್ಲಿಕ್ ಎಂದು ಕೂತರೆ ಒಳ್ಳೆಯದು. ತೆರೆದಾಗ ತಾನಾಗಿ ನಿಲ್ಲುತ್ತದೆಯೇ, ಕೈಬಿಟ್ಟರೆ ಪೈಲಟ್‌ನ ತಲೆಗೆ ಬಡಿಯುತ್ತದೆಯೇ ಎಂದೂ ನೋಡಿ. ಕ್ಯಾನಪಿ ತೆರೆದು ಪ್ರದರ್ಶಿಸುವ ಆಸೆ ಬಹಳ ಜನಕ್ಕಿರುತ್ತದೆ.

ಮುರಿದರೆ ಸೂಪರ್ ಗ್ಲೂಗೆ ಕೈ ಹಾಕಬೇಡಿ. ಅದು ಒಣಗುವಾಗ ಹೊಮ್ಮುವ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ. ಮಾದರಿ ವಿಮಾನ ಕಟ್ಟುವವರು ಕಿಟಕಿ ಅಂಟಿಸಲು ಬಳಸುವ, ಒಣಗಿದ ಮೇಲೆ ಪಾರದರ್ಶಕವಾಗುವ ಬಿಳಿ ಅಂಟು ಸಾಕು. ಶುಚಿ ಮಾಡಲು ಸೋಪಿನ ನೀರು, ಮೆತ್ತನೆಯ ಬಟ್ಟೆ. ಸ್ಪಿರಿಟ್ ಸೋಕಿದರೆ ಕೆಲವು ಬಗೆಯ ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಕೂದಲೆಳೆಯಂಥ ಬಿರುಕುಗಳ ಜಾಲವೇ ಮೂಡುತ್ತದೆ.

ಹೆಜ್ಜೆ 5: ಮೈಕಟ್ಟು

ಹೊಟ್ಟೆಯ ಕೆಳಗೆ ಅಂಗೈಯಿಟ್ಟು ಎತ್ತಿ, ಮೆಲ್ಲಗೆ ಅಲುಗಿಸಿ. ಒಳಗೆ ಏನಾದರೂ ಲೊಟಗುಟ್ಟಿದರೆ ಮುರಿದ ಸ್ಪ್ರಿಂಗೋ ಸಡಿಲವಾದ ಸ್ಕ್ರೂವೋ ಇದೆ. ಮುಂದಿನಿಂದ ನೋಡಿದಾಗ ಎರಡೂ ರೆಕ್ಕೆಗಳ ತುದಿ ಒಂದೇ ಎತ್ತರದಲ್ಲಿರಬೇಕು. ಉದ್ದನೆಯ ರೆಕ್ಕೆ ಬುಡದಲ್ಲಿ ಒಂದೇ ಕೊಂಡಿಯಿಂದ ಹಿಡಿದಿದ್ದರೆ ವರ್ಷಗಳಲ್ಲಿ ಜೋತುಬೀಳುತ್ತದೆ. ಎರಡು ಕೊಂಡಿಗಳೋ ಒಂದು ಅಡ್ಡಪಟ್ಟಿಯೋ ಇದ್ದರೆ ನಂಬಬಹುದು.

ಹಿಂದೆ ಮುಂದೆ ಮಡಚುವ ರೆಕ್ಕೆಗಳಿದ್ದರೆ ಹತ್ತು ಸಲ ಆಡಿಸಿ. ಎರಡೂ ಒಟ್ಟಿಗೆ ಚಲಿಸುತ್ತವೆಯೇ, ಒಂದು ತುಸು ಹಿಂದೆ ಬೀಳುತ್ತದೆಯೇ? ಒಂದು ಹಿಂದೆ ಬಿದ್ದರೆ ಹಲ್ಲುಚಕ್ರದ ಹಲ್ಲು ಜಾರಿದೆ. 1983ರಲ್ಲಿ ಬಂದ ಜಿ.ಐ. ಜೋ ಸರಣಿಯ ಸ್ಕೈಸ್ಟ್ರೈಕರ್ ಟಾಮ್‌ಕ್ಯಾಟ್‌ನ ಪಡಿಯಚ್ಚು. ಅದರ ರೆಕ್ಕೆಗಳೂ ಮಡಚುತ್ತವೆ. ಇಂದು ಅದನ್ನು ಹುಡುಕುವವರು ಬೆಲೆ ಕೇಳುವ ಮೊದಲು ರೆಕ್ಕೆಯ ಬುಡವನ್ನು ನೋಡಲಿ.

ಒಂದು ಪರೀಕ್ಷೆಯನ್ನು ಬಹಳ ಜನ ಮಾಡುವುದೇ ಇಲ್ಲ. ಲ್ಯಾಂಡಿಂಗ್ ಗೇರ್, ಅಂದರೆ ನೆಲಕ್ಕಿಳಿಯುವ ಚಕ್ರಗಳನ್ನು, ಇಳಿಸಿ ಸಮತಟ್ಟಾದ ಮೇಜಿನ ಮೇಲೆ ನಿಲ್ಲಿಸಿ: ಒಮ್ಮೆ ಖಾಲಿಯಾಗಿ, ಒಮ್ಮೆ ಪೈಲಟ್ ಕೂರಿಸಿ, ಒಮ್ಮೆ ಎಲ್ಲ ಕ್ಷಿಪಣಿ ತೊಡಿಸಿ. ಮೂತಿ ಮೊಟಕಾಗಿಸಿದ ವಿಮಾನದಲ್ಲಿ ತೂಕವೆಲ್ಲ ಹಿಂದಕ್ಕೆ ಸರಿದು, ಪೈಲಟ್ ಇಳಿದ ಕೂಡಲೇ ವಿಮಾನ ಬಾಲದ ಮೇಲೆ ಕೂತುಬಿಡುತ್ತದೆ. ಮೂತಿಯೊಳಗೆ ತೂಕದ ಬಟ್ಟು ಸೇರಿಸಿ ಸರಿಪಡಿಸಬಹುದು, ಆದರೆ ಮೂತಿ ಬಿಚ್ಚುವಂತಿರಬೇಕು.

ಜೋಡಣೆಯ ವಿಷಯ. ಒಮ್ಮೆ ಒತ್ತಿ ಸೇರಿಸಿದರೆ ಮತ್ತೆ ಬಿಚ್ಚಲು ಬಾರದ ಕೊಂಡಿಗಳು ಬಹಳ ಆಟಿಕೆಗಳಲ್ಲಿ ಇವೆ. ಮನೆ ಬದಲಿಸುವವರು, ಸಂಗ್ರಹವನ್ನು ಪೆಟ್ಟಿಗೆಯಲ್ಲಿ ಇಟ್ಟು ತೆಗೆಯುವವರು ರೆಕ್ಕೆ ಸೇರಿಸುವ ಮೊದಲೇ ಸೂಚನಾ ಹಾಳೆ ಓದುವುದು ಲೇಸು.

ಹೆಜ್ಜೆ 6: ಬಣ್ಣ, ಸ್ಟಿಕ್ಕರ್, ಸದ್ದು

ಅಚ್ಚಿನಲ್ಲೇ ಬಂದ ಬಣ್ಣ ಉಜ್ಜಿದರೂ ಹೋಗದು, ಮೇಲೆ ಬಳಿದದ್ದು ಹೋಗುತ್ತದೆ. ರೆಕ್ಕೆಯ ಅಂಚಿನಲ್ಲಿ, ಕೈಹಿಡಿಯುವ ಜಾಗದಲ್ಲಿ ಸವಕಳಿ ನೋಡಿ. ಹೊಸ ಆಟಿಕೆಯ ಸ್ಟಿಕ್ಕರ್ ಹಾಳೆಯನ್ನು ಅಂಟಿಸುವ ಮೊದಲೇ ನೇರವಾಗಿ ಮೇಲಿನಿಂದ ಫೋಟೋ ತೆಗೆದಿಡಿ. ಹತ್ತು ವರ್ಷದ ಮೇಲೆ ಒಂದು ಉದುರಿದಾಗ ಹೊಸದು ಮುದ್ರಿಸಲು ಅದೇ ಆಧಾರ. ಅಂಟಿಸುವಾಗ ಜಾಗಕ್ಕೆ ಸೋಪು ಬೆರೆಸಿದ ಒಂದು ಹನಿ ನೀರು ಸವರಿದರೆ ಸ್ಟಿಕ್ಕರನ್ನು ಸರಿಸಿ ನೇರ ಮಾಡಲು ಒಂದೆರಡು ನಿಮಿಷ ಸಿಗುತ್ತದೆ.

ಸದ್ದು, ಬೆಳಕಿನ ಬಗ್ಗೆ ನನಗೆ ಹೆಚ್ಚು ಮೋಹವಿಲ್ಲ. ಸ್ಪೀಕರಿನ ರಂಧ್ರಗಳು ಹೊಟ್ಟೆಯ ಕೆಳಗಿರಲಿ, ಬೆನ್ನಿನ ಮೇಲೆ ಬೇಡ. ಬ್ಯಾಟರಿ ಗೂಡಿನ ಲೋಹದ ಪಟ್ಟಿಗಳ ಮೇಲೆ ಬಿಳಿ ಪುಡಿ ಇದ್ದರೆ ಅಲ್ಕಲೈನ್ ಬ್ಯಾಟರಿ ಸೋರಿದೆ. ಅದು ಕ್ಷಾರ, ಕೈಗವಸು ಹಾಕಿಕೊಂಡು, ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿದರೆ ಬಿಡುತ್ತದೆ, ಪಟ್ಟಿ ತಿಂದುಹೋಗಿರದಿದ್ದರೆ.

ಚಿಮ್ಮುವ ಕ್ಷಿಪಣಿಗಳು ಇಷ್ಟು ಉದ್ದವಾಗಿ, ಮೊಂಡಾಗಿ ಏಕಿವೆ ಎಂದು ಗೊಣಗುವವರಿಗೆ ಒಂದು ಮಾತು. 1978ರ ಕೊನೆಯಲ್ಲಿ ಬಾಹ್ಯಾಕಾಶ ಧಾರಾವಾಹಿಯೊಂದರ ಆಟಿಕೆ ನೌಕೆಯಿಂದ ಚಿಮ್ಮಿದ ಪುಟ್ಟ ಕ್ಷಿಪಣಿ ಗಂಟಲಿಗೆ ಸಿಕ್ಕಿ ಒಂದು ಮಗು ತೀರಿಕೊಂಡಿತು. ಆಮೇಲೆ ಅಂಥ ಆಟಿಕೆಗಳ ವಿನ್ಯಾಸವೇ ಬದಲಾಯಿತು. ಅಂದವನ್ನು ಬಯಸುವವರು ಪ್ರದರ್ಶನಕ್ಕೆ ಬೇರೆ ಕ್ಷಿಪಣಿ ತೊಡಿಸಲಿ, ಚಿಕ್ಕ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ.

ಹೆಜ್ಜೆ 7: ಜೊತೆಗೆ ಬಂದ ಪೈಲಟ್, ಹೊಟ್ಟೆಯ ಕೆಳಗಿನ ಇಸವಿ

ಕೆಲವೊಮ್ಮೆ ವಿಮಾನಕ್ಕಿಂತ ಅದರೊಳಗಿನ ಫಿಗರ್‌ಗೇ ಬೆಲೆ, ಏಕೆಂದರೆ ಅವನು ಬೇರೆಲ್ಲೂ ಬಿಡಿಯಾಗಿ ಸಿಗುವುದಿಲ್ಲ. ಹಾಗಿದ್ದಾಗ ಅವನ ತಲೆ ಮಾತ್ರ ಹೊಸದೋ, ಮೈಯೂ ಹೊಸದೋ ಎಂದು ನೋಡಿ. ಹಳೆಯ ಮೈಗೆ ಹೊಸ ತಲೆ, ಹೊಸ ಬಣ್ಣ ಎಂಬುದು ಈ ಉದ್ಯಮದ ಹಳೆಯ ಚಾಳಿ. ವಿಮಾನಕ್ಕೂ ಅದೇ ಗತಿ: ಬೇರೊಂದು ಸರಣಿಯ ಜೆಟ್‌ಗೆ ಹೊಸ ಸಿನಿಮಾದ ಗುರುತು ಅಂಟಿಸಿ ತರುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಹಳೆಯ ಅಚ್ಚು ಕೆಲವೊಮ್ಮೆ ಹೊಸದಕ್ಕಿಂತ ಚೆನ್ನಾಗಿರುತ್ತದೆ. ಆದರೆ ಹೊಸದೆಂದು ನಂಬಿ ಕೊಳ್ಳಬಾರದು.

ಹೊಟ್ಟೆಯ ಕೆಳಗೆ ಉಬ್ಬಿಸಿರುವ ಇಸವಿ ಈ ಗುಟ್ಟನ್ನು ಬಿಡಿಸುತ್ತದೆ, ಅದನ್ನು ಸರಿಯಾಗಿ ಓದಿದರೆ. ಅದು ಹಕ್ಕುಸ್ವಾಮ್ಯದ ವರ್ಷ, ತಯಾರಾದ ವರ್ಷವಲ್ಲ. ಅದೇ ಅಚ್ಚಿನಿಂದ ಹತ್ತು ವರ್ಷದ ಮೇಲೆ ಬಂದ ಆಟಿಕೆಯಲ್ಲೂ ಮೊದಲಿನ ಇಸವಿಯೇ ಇರಬಹುದು. 'ನೋಡಿ, ಅಷ್ಟು ಹಳೆಯದು' ಎಂದು ಅದನ್ನೇ ತೋರಿಸಿ ಬೆಲೆ ಏರಿಸುವವರ ಮುಂದೆ ಸುಮ್ಮನೆ ನಕ್ಕರೆ ಸಾಕು.

ನಿಜಕ್ಕೂ ಹಳೆಯದಾದರೆ ಬಿಳಿ, ಬೂದು ಭಾಗಗಳು ಹಳದಿಗೆ ತಿರುಗಿರಬಹುದು. ಬೆಳಕಿನಲ್ಲಿರುವ ನೇರಳಾತೀತ ಕಿರಣ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿಗೆ ಮಾಡುವ ಹಾನಿ ಅದು. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದಿ ಬೆಳ್ಳಗಾಗಿಸುವವರಿದ್ದಾರೆ. ಬಣ್ಣ ಮರಳುತ್ತದೆ, ಪ್ಲಾಸ್ಟಿಕ್ಕಿನ ಪ್ರಾಯ ಮರಳುವುದಿಲ್ಲ, ಹಳದಿಯೂ ಮತ್ತೆ ಬರಬಹುದು. ಸಮನಾಗಿ ಹಳದಿಯಾಗಿದ್ದರೆ ನಾನು ಹಾಗೇ ಬಿಡುತ್ತೇನೆ. ಒಂದು ರೆಕ್ಕೆ ಮಾತ್ರ ಬೆಳ್ಳಗಿದ್ದರೆ ಅದು ಬೇರೆ ವಿಮಾನದಿಂದ ಬಂದದ್ದೇ ಎಂದು ಕೇಳುತ್ತೇನೆ.

ಹೆಜ್ಜೆ 8: ಇಡುವ ಜಾಗ

ಹಣ ಕೊಡುವ ಮೊದಲು ಹಳೆಯ ಪತ್ರಿಕೆಯೊಂದನ್ನು ವಿಮಾನದ ಉದ್ದ ಮತ್ತು ರೆಕ್ಕೆಯಗಲಕ್ಕೆ ಕತ್ತರಿಸಿ ಕಪಾಟಿನಲ್ಲಿ ಹಾಸಿ. ಮಡಚುವ ರೆಕ್ಕೆಯ ಬೆಲೆ ಆಗ ತಿಳಿಯುತ್ತದೆ: 1:18ರ ಟಾಮ್‌ಕ್ಯಾಟ್ ರೆಕ್ಕೆ ಬಿಚ್ಚಿದರೆ ಸುಮಾರು 109 ಸೆಂಟಿಮೀಟರ್ ಅಗಲ, ಮಡಚಿದರೆ ಸುಮಾರು 64. ಹಾರುವ ಭಂಗಿಯಲ್ಲಿ ನಿಲ್ಲಿಸುವ ಸ್ಟ್ಯಾಂಡ್ ಇದ್ದರೆ ಮೇಲಿನ ಹಲಗೆಯವರೆಗಿನ ಎತ್ತರವನ್ನೂ ಅಳೆಯಿರಿ. ನೇರ ಬಿಸಿಲು ಬೀಳುವ ಕಿಟಕಿಯ ಪಕ್ಕ ಬೇಡ.

ಪೈಲಟ್‌ನನ್ನು ವರ್ಷಗಟ್ಟಲೆ ಕಾಕ್‌ಪಿಟ್‌ನಲ್ಲೇ ಬಿಡಬೇಡಿ. ಫಿಗರ್‌ನ ಮೆದು ಭಾಗಗಳು, ಅಂದರೆ ಬೂಟು, ಜಾಕೆಟ್, ಬೆಲ್ಟು, ಹೆಚ್ಚಾಗಿ ಮೆದು ಪಿವಿಸಿಯವು. ಅದನ್ನು ಮೆದುವಾಗಿಸಲು ಬೆರೆಸಿದ ದ್ರವ ನಿಧಾನವಾಗಿ ಹೊರಗೆ ಜಿನುಗಿ, ತಾಗಿಕೊಂಡಿರುವ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಬೇಸಿಗೆಯ ಸೆಕೆಯಲ್ಲಿ ಇನ್ನೂ ಬೇಗ. ಮೆದು ಭಾಗ ಗಟ್ಟಿ ಭಾಗಕ್ಕೆ ತಾಗುವ ಕಡೆ ತೆಳ್ಳನೆಯ ಪಾಲಿಥೀನ್ ಹಾಳೆಯ ತುಂಡಿಡಿ, ಮೂರು ನಾಲ್ಕು ತಿಂಗಳಿಗೊಮ್ಮೆ ಪೈಲಟ್‌ನನ್ನು ಇಳಿಸಿ ಆಸನ ಒರೆಸಿ. ಹೆಲ್ಮೆಟ್ ಇಲ್ಲದೆ ಕೂತ ನನ್ನ ಪೈಲಟ್ ಎರಡು ಬೇಸಿಗೆ ಅಲ್ಲೇ ಕಳೆದ. ಎತ್ತಿದಾಗ ಕಾಕ್‌ಪಿಟ್‌ನ ತಳದಲ್ಲಿ ಎರಡು ಬೂಟುಗಳ ಅಚ್ಚು, ಹಿಮ್ಮಡಿಯ ಗೆರೆಗಳ ಸಮೇತ ಹೊಳೆಯುತ್ತಿತ್ತು. ಈಗಲೂ ಇದೆ.